ಬಡವರ ಮನೆಗೆ ನೇರ ಹಣ: ಯಾವಾಗ ಬಂತು, ಯಾರ ಕೈಗೆ ಬಂತು

ಬಡ ಕುಟುಂಬಗಳ ಖಾತೆಗೆ ನೇರವಾಗಿ ಹಣ ಹಾಕುತ್ತಾರೆ ಅಂದ ಕೂಡಲೇ ಎರಡು ಮಾತು ಕೇಳಿಬರುತ್ತವೆ. ಗಂಡಸರು ಕುಡಿದು ಮುಗಿಸುತ್ತಾರೆ ಅನ್ನುವುದು ಒಂದು, ಇನ್ನು ಮೇಲೆ ಕೂಲಿಗೆ ಆಳು ಸಿಗುವುದಿಲ್ಲ ಅನ್ನುವುದು ಇನ್ನೊಂದು. ಹಳ್ಳಿಯ ಚಹಾದಂಗಡಿಯಲ್ಲೂ ಈ ಮಾತಿದೆ, ಟಿವಿ ಚರ್ಚೆಯಲ್ಲೂ ಇದೆ. ಎರಡನ್ನೂ ಹಲವು ದೇಶಗಳಲ್ಲಿ ಮನೆಮನೆಯ ಲೆಕ್ಕ ಹಿಡಿದು ಪರೀಕ್ಷಿಸಿ ಆಗಿದೆ. ಡೇವಿಡ್ ಇವಾನ್ಸ್ ಮತ್ತು ಅನ್ನಾ ಪೊಪೋವಾ ಎಂಬ ಇಬ್ಬರು ಸಂಶೋಧಕರು ಲ್ಯಾಟಿನ್ ಅಮೆರಿಕ, ಆಫ್ರಿಕ, ಏಷ್ಯಾಗಳ 19 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ನೇರ ಹಣ ಪಡೆದ ಮನೆಗಳಲ್ಲಿ ಹೆಂಡ, ತಂಬಾಕಿನ ಖರ್ಚು ಏರಿರಲಿಲ್ಲ. ಸರಾಸರಿಯಲ್ಲಿ ತುಸು ಇಳಿದೇ ಇತ್ತು. ಅಭಿಜಿತ್ ಬ್ಯಾನರ್ಜಿ ಮತ್ತು ಅವರ ಜೊತೆಗಾರರು ಆರು ದೇಶಗಳ ಏಳು ಯೋಜನೆಗಳನ್ನು ಹೀಗೇ ಪರಿಶೀಲಿಸಿದಾಗ, ಹಣ ಸಿಕ್ಕಿತೆಂದು ಜನ ದುಡಿಯುವುದನ್ನು ಕಡಿಮೆ ಮಾಡಿದ್ದಕ್ಕೆ ಆಧಾರ ಸಿಗಲಿಲ್ಲ.

ಹಾಗೆಂದು ವಿಷಯ ಇಲ್ಲಿಗೇ ಮುಗಿಯುವುದಿಲ್ಲ. ಅಷ್ಟೇ ಮೊತ್ತದ ಹಣ ಒಂದು ಮನೆಯಲ್ಲಿ ಬಡ್ಡಿಯ ಹೊರೆ ಇಳಿಸುತ್ತದೆ, ಇನ್ನೊಂದು ಮನೆಯಲ್ಲಿ ಬಂದದ್ದೂ ಹೋದದ್ದೂ ಗೊತ್ತಾಗದ ಹಾಗೆ ಕರಗುತ್ತದೆ. ಬಡವರು ಒಳ್ಳೆಯವರೋ ಕೆಟ್ಟವರೋ ಎಂಬ ಚರ್ಚೆಯಲ್ಲಿ ನಾವು ಈ ವ್ಯತ್ಯಾಸವನ್ನು ಕೇಳುವುದನ್ನೇ ಮರೆತಿದ್ದೇವೆ. ನಾನು ಓದಿ ತಿಳಿದ ಮಟ್ಟಿಗೆ ಹೇಳುವುದಾದರೆ, ಮೊತ್ತದಷ್ಟೇ ಮುಖ್ಯವಾದ ಮೂರು ಸಂಗತಿಗಳಿವೆ: ಹಣ ಯಾವ ಹೊತ್ತಿಗೆ ಬರುತ್ತದೆ, ಯಾರ ಕೈಗೆ ಬರುತ್ತದೆ, ಬಂದೇ ಬರುತ್ತದೆ ಎಂಬ ನಂಬಿಕೆ ಎಷ್ಟಿದೆ.

ಒಣಭೂಮಿಯ ಮನೆಯ ಲೆಕ್ಕ

ಕೊಪ್ಪಳ ಜಿಲ್ಲೆಯ ಯಲಬುರ್ಗಾ ಕಡೆಯ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಲೆಕ್ಕ ತಿಳಿಯಲೆಂದು ನಾನೇ ಕಲ್ಪಿಸಿಕೊಂಡ ಮನೆ ಇದು, ಆದರೆ ಆ ಭಾಗದವರಿಗೆ ಗುರುತು ಹತ್ತದೇ ಇರದು. ಎರಡು ಎಕರೆ ಮಳೆಯಾಶ್ರಿತ ಹೊಲ, ಸಜ್ಜೆ ಮತ್ತು ತೊಗರಿ, ಎರಡು ಆಡು, ಗಂಡ ಹೆಂಡತಿ, ಮೂರು ಮಕ್ಕಳು, ಗಂಡನ ತಾಯಿ. ಜೂನ್‌ನಲ್ಲಿ ಮಳೆ ಬಿದ್ದ ವಾರದೊಳಗೆ ಬಿತ್ತಬೇಕು. ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆಗೆ 10,000 ರೂಪಾಯಿ ಬೇಕು. ಕೈಯಲ್ಲಿ ಇಲ್ಲ. ದಲಾಲಿ ಅಂಗಡಿಯವರು ಕೊಡುತ್ತಾರೆ, ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ. ತೊಗರಿ ಬರುವ ಹೊತ್ತಿಗೆ ಆರು ತಿಂಗಳಾಗಿರುತ್ತದೆ, ಬಡ್ಡಿಯೇ 1,800. ಬೆಳೆ ಬಂದ ಮೇಲೆ ಅದನ್ನು ಅದೇ ಅಂಗಡಿಗೇ ಹಾಕಬೇಕು, ಎಲ್ಲರ ತೊಗರಿಯೂ ಒಟ್ಟಿಗೇ ಪೇಟೆಗೆ ಬಂದು ದರ ಬಿದ್ದ ದಿನವೇ ಹಾಕಬೇಕು. ಮಧ್ಯೆ ಮಗುವಿಗೆ ಜ್ವರ ಬಂದು ಆಸ್ಪತ್ರೆ ಸೇರಿದರೆ ಒಂದು ಆಡು ಹೋಯಿತು. ಹಿಂಗಾರು ಕೈಕೊಟ್ಟರೆ ಮನೆಗೆ ಬೀಗ ಹಾಕಿ ಬೆಂಗಳೂರಿಗೋ ಗೋವಾಕ್ಕೋ ಗುಳೆ. ಶಾಲೆಗೆ ಹೋಗುತ್ತಿದ್ದ ಮಕ್ಕಳು ಅಪ್ಪ ಅಮ್ಮನ ಹಿಂದೆ ಕಟ್ಟಡ ಕಟ್ಟುವ ಜಾಗದ ಶೆಡ್ಡಿಗೆ.

ವರ್ಷದ ಆದಾಯ ಕಡಿಮೆ ಅನ್ನುವುದು ಇಲ್ಲಿ ಅರ್ಧ ಸಂಗತಿ ಮಾತ್ರ. ದುಡ್ಡು ಬೇಕಾದಾಗ ಇರುವುದಿಲ್ಲ. ಬಂದಾಗ ಅದು ಸಾಲ ಕೊಟ್ಟವರದ್ದಾಗಿರುತ್ತದೆ. ಈಗ ಇದೇ ಮನೆಗೆ ಬಿತ್ತನೆಗೆ ಮುಂಚೆ 6,000 ರೂಪಾಯಿ ಬಂತೆಂದುಕೊಳ್ಳಿ. ಅಂಗಡಿಯಿಂದ ಎತ್ತುವ ಸಾಲ 4,000ಕ್ಕೆ ಇಳಿಯುತ್ತದೆ, ಆರು ತಿಂಗಳ ಬಡ್ಡಿ 720 ಆಗುತ್ತದೆ. ಉಳಿದದ್ದು 1,080 ರೂಪಾಯಿ. ಅದಕ್ಕಿಂತ ದೊಡ್ಡ ಲಾಭ ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ: ಸಾಲ ಸಣ್ಣದಾದ್ದರಿಂದ ತೊಗರಿಯನ್ನು ಒಂದು ತಿಂಗಳು ಮನೆಯಲ್ಲಿಟ್ಟುಕೊಂಡು ದರ ನೋಡಿ ಮಾರುವ ಸ್ವಾತಂತ್ರ್ಯ. ಅದೇ 6,000 ಆಗಸ್ಟ್‌ನಲ್ಲಿ ಬಂದರೆ? ಸಾಲ ಆಗಲೇ ಮಾಡಿ ಆಗಿರುತ್ತದೆ. ಹಣ ಬರುತ್ತದೆ, ಗೌರಿ ಗಣೇಶ ಹಬ್ಬಕ್ಕೆ ಹೋಗುತ್ತದೆ, ಊರವರು "ನೋಡಿ, ಹೇಗೆ ಖರ್ಚು ಮಾಡಿದರು" ಅನ್ನುತ್ತಾರೆ.

ಇದು ಬರೀ ಊಹೆಯ ಮಾತಲ್ಲ. 2011ರಿಂದ ಮಧ್ಯಪ್ರದೇಶದ ಇಂದೋರ್ ಜಿಲ್ಲೆಯ ಎಂಟು ಹಳ್ಳಿಗಳಲ್ಲಿ ಸ್ವಯಂ ಉದ್ಯೋಗಿ ಮಹಿಳೆಯರ ಸಂಘಟನೆಯಾದ ‘ಸೇವಾ’ (SEWA) ಯುನಿಸೆಫ್ ನೆರವಿನಿಂದ ಒಂದು ಪ್ರಯೋಗ ಮಾಡಿತು. ಹಳ್ಳಿಯ ಪ್ರತಿಯೊಬ್ಬ ವಯಸ್ಕರಿಗೂ ತಿಂಗಳಿಗೆ 200 ರೂಪಾಯಿ, ಮಗುವಿಗೆ 100; ಒಂದು ವರ್ಷದ ನಂತರ 300 ಮತ್ತು 150. ಬಡವರು, ಬಲ್ಲಿದರು ಎಂಬ ಆಯ್ಕೆ ಇಲ್ಲ, ಷರತ್ತೂ ಇಲ್ಲ. ಮೊತ್ತ ಎಷ್ಟು ಸಣ್ಣದು ನೋಡಿ. ಆದರೂ ಹಣ ಬಂದ ಹಳ್ಳಿಗಳಲ್ಲಿ ಜನ ಬೇರೆಯವರ ಹೊಲದ ಕೂಲಿ ಬಿಟ್ಟು ತಮ್ಮ ಹೊಲದಲ್ಲೇ ಹೆಚ್ಚು ಕೆಲಸ ಮಾಡತೊಡಗಿದರು, ಬೀಜ ಗೊಬ್ಬರಕ್ಕೆ ಹೆಚ್ಚು ಹಾಕಿದರು, ಹೊಸ ಸಾಲ ಕಡಿಮೆಯಾಯಿತು. ಹೆಣ್ಣುಮಕ್ಕಳ ತೂಕ ವಯಸ್ಸಿಗೆ ತಕ್ಕ ಮಟ್ಟಕ್ಕೆ ಹತ್ತಿರವಾಯಿತು. "ಕೂಲಿಗೆ ಆಳು ಸಿಗುವುದಿಲ್ಲ" ಎಂಬ ದೂರಿನಲ್ಲಿ ಒಂದು ಸತ್ಯ ಅಡಗಿರುವುದು ಇಲ್ಲೇ. ಆಳು ಮನೆಯಲ್ಲಿ ಸುಮ್ಮನೆ ಕೂತಿಲ್ಲ, ತನ್ನ ಹೊಲದಲ್ಲಿದ್ದಾನೆ. ದೂರು ಯಾರ ಬಾಯಿಂದ ಬರುತ್ತಿದೆ ಎಂದು ಗಮನಿಸಿದರೆ ವಿಷಯ ಅರ್ಥವಾಗುತ್ತದೆ.

ಸಿಯಾಯದ ತಗಡಿನ ಮಾಡು

ನೇರ ಹಣದ ಬಗ್ಗೆ ಜಗತ್ತು ಹೆಚ್ಚು ಕಲಿತದ್ದು ಕೆನ್ಯಾದ ಪಶ್ಚಿಮ ಭಾಗದಲ್ಲಿ, ವಿಕ್ಟೋರಿಯಾ ಸರೋವರದ ಪಕ್ಕದ ಸಿಯಾಯ ಕೌಂಟಿಯಲ್ಲಿ. ಸಣ್ಣ ಹಿಡುವಳಿಗಳು, ಮೆಕ್ಕೆಜೋಳ ಮುಖ್ಯ ಬೆಳೆ. ಅಲ್ಲಿ 2007ರಲ್ಲಿ ಎಂ-ಪೆಸಾ ಎಂಬ ಮೊಬೈಲ್ ಹಣದ ವ್ಯವಸ್ಥೆ ಶುರುವಾಗಿತ್ತು: ಬ್ಯಾಂಕ್ ಖಾತೆ ಬೇಡ, ಫೋನಿಗೆ ಹಣ ಬರುತ್ತದೆ, ಊರ ಅಂಗಡಿಯ ಏಜೆಂಟ್ ಬಳಿ ನಗದು ಮಾಡಿಕೊಳ್ಳಬಹುದು. ಅಮೆರಿಕದ ಕೆಲವು ಅರ್ಥಶಾಸ್ತ್ರ ವಿದ್ಯಾರ್ಥಿಗಳು ಕಟ್ಟಿದ ಗಿವ್‌ಡೈರೆಕ್ಟ್‌ಲಿ ಎಂಬ ಸಂಸ್ಥೆ ಇದನ್ನು ಬಳಸಿಕೊಂಡು ಬಡ ಮನೆಗಳಿಗೆ ಹಣ ಕಳಿಸತೊಡಗಿತು. ಯಾರು ಬಡವರೆಂದು ತೀರ್ಮಾನಿಸಲು ಮೊದಮೊದಲು ಇಟ್ಟುಕೊಂಡ ಗುರುತು ತೀರಾ ಸರಳ: ಹುಲ್ಲಿನ ಮಾಡಿನ ಮನೆ.

ಜನ ಆ ಹಣದಿಂದ ಮೊದಲು ಬದಲಿಸಿದ್ದೂ ಆ ಮಾಡನ್ನೇ. ಹೊರಗಿನಿಂದ ನೋಡುವವರಿಗೆ ಇದು ಅಂದಚಂದದ ಖರ್ಚು ಅನ್ನಿಸಬಹುದು. ಒಳಗಿನ ಲೆಕ್ಕ ಬೇರೆ. ಹುಲ್ಲು ಕೊಳೆಯುತ್ತದೆ, ಸೋರುತ್ತದೆ, ಒಂದೆರಡು ವರ್ಷಕ್ಕೊಮ್ಮೆ ಹೊಸದಾಗಿ ಹೊದಿಸಬೇಕು, ಪ್ರತಿ ಸಲವೂ ಹುಲ್ಲಿಗೂ ಕೆಲಸದವರಿಗೂ ದುಡ್ಡು ಕೊಡಬೇಕು. ತಗಡಿನ ಶೀಟು ಹತ್ತು ವರ್ಷಕ್ಕೂ ಮೇಲೆ ಬಾಳುತ್ತದೆ, ಮಳೆಯ ನೀರನ್ನು ಡ್ರಮ್ಮಿಗೆ ಹಿಡಿದುಕೊಳ್ಳಬಹುದು. ಹತ್ತು ವರ್ಷದ ಒಟ್ಟು ಖರ್ಚು ನೋಡಿದರೆ ತಗಡೇ ಅಗ್ಗ. ಅದು ಗೊತ್ತಿಲ್ಲದವರು ಆ ಊರಿನಲ್ಲಿ ಯಾರೂ ಇರಲಿಲ್ಲ. ಶೀಟಿಗೆ ಬೇಕಾದ ಹಣ ಒಂದೇ ಬಾರಿಗೆ ಕೈಯಲ್ಲಿ ಸೇರುತ್ತಿರಲಿಲ್ಲ, ಅಷ್ಟೇ. ಹಾಗಾಗಿ ವರ್ಷವರ್ಷವೂ ಹುಲ್ಲು ಕೊಂಡು ತಗಡಿನವರಿಗಿಂತ ಹೆಚ್ಚು ತೆತ್ತಿದ್ದರು.

2011–12ರಲ್ಲಿ ಅಲ್ಲಿನ ರರಿಯೇಡಾ ಎಂಬಲ್ಲಿ ಯೋಹಾನ್ನೆಸ್ ಹೌಸ್‌ಹೋಫರ್ ಮತ್ತು ಜೆರೆಮಿ ಶಪಿರೊ ಮಾಡಿದ ಅಧ್ಯಯನದ ಚೆಲುವು ಅದರ ವಿನ್ಯಾಸದಲ್ಲಿದೆ. ಚೀಟಿ ಎತ್ತಿ ಕೆಲವು ಮನೆಗಳಿಗೆ ಇಡೀ ಮೊತ್ತ ಒಮ್ಮೆಗೇ ಕೊಟ್ಟರು, ಕೆಲವಕ್ಕೆ ಒಂಬತ್ತು ತಿಂಗಳ ಕಂತಿನಲ್ಲಿ. ಕೆಲವು ಮನೆಗಳಲ್ಲಿ ಹೆಂಡತಿಗೆ, ಕೆಲವು ಮನೆಗಳಲ್ಲಿ ಗಂಡನಿಗೆ. ಕೆಲವರಿಗೆ ದೊಡ್ಡ ಮೊತ್ತ, ಕೆಲವರಿಗೆ ಸಣ್ಣದು. ಸುಮಾರು ಒಂಬತ್ತು ತಿಂಗಳ ನಂತರ ನೋಡಿದರೆ, ಮನೆಯ ತಿಂಗಳ ಬಳಕೆ ಡಾಲರ್ ಲೆಕ್ಕದಲ್ಲಿ 158ರಿಂದ 193ಕ್ಕೆ ಏರಿತ್ತು. ಇದು ಅಲ್ಲಿನ ಬೆಲೆಗಳಿಗೆ ಹೊಂದಿಸಿದ ಲೆಕ್ಕ. ಹೆಚ್ಚಿದ ಖರ್ಚು ಊಟಕ್ಕೆ, ಔಷಧಿಗೆ, ಶಿಕ್ಷಣಕ್ಕೆ ಹೋಗಿತ್ತು, ಹೆಂಡಕ್ಕಲ್ಲ. ಮನಸ್ಸಿನ ನೆಮ್ಮದಿಯ ಅಳತೆಗಳೂ ಮೇಲಕ್ಕೆ ಹೋಗಿದ್ದವು. ಕಂತಿನಲ್ಲಿ ಪಡೆದವರ ಮನೆಯಲ್ಲಿ ಹಸಿವು ಇನ್ನೂ ಹೆಚ್ಚಾಗಿ ತಗ್ಗಿತ್ತು. ಒಮ್ಮೆಗೇ ಪಡೆದವರ ಮನೆಯಲ್ಲಿ ತಗಡು, ದನ, ಪೀಠೋಪಕರಣದಂಥ ಬಾಳಿಕೆಯ ವಸ್ತುಗಳು ಹೆಚ್ಚಿದ್ದವು.

ಒಂದು ವಿಷಯ ಇಲ್ಲೇ ಹೇಳಿಬಿಡಬೇಕು, ಏಕೆಂದರೆ ನೇರ ಹಣವನ್ನು ಮೆಚ್ಚುವವರು ಇದನ್ನು ದಾಟಿಕೊಂಡು ಹೋಗುತ್ತಾರೆ. ಒಂದೇ ಊರಿನಲ್ಲಿ ಕೆಲವರಿಗೆ ಕೊಟ್ಟು ಕೆಲವರಿಗೆ ಕೊಡದೆ ಹೋದಾಗ, ಸಿಗದವರ ಬದುಕಿನ ತೃಪ್ತಿ ಕಡಿಮೆಯಾಗಿತ್ತು. ಪಕ್ಕದ ಮನೆಗೆ ಎಷ್ಟು ಹೆಚ್ಚು ಬಂತೋ ಇವರಿಗೆ ಅಷ್ಟು ಹೆಚ್ಚು ನೋವು. ಕಾಲ ಕಳೆದಂತೆ ಅದು ತಗ್ಗಿತು ನಿಜ. ಆದರೂ ಫಲಾನುಭವಿ ಪಟ್ಟಿಯಲ್ಲಿ ಹೆಸರು ಬಿಟ್ಟುಹೋದಾಗ ಊರಿನಲ್ಲಿ ಎಂಥ ಕಹಿ ಹುಟ್ಟುತ್ತದೆ ಎಂದು ನಮ್ಮ ಯಾವ ಗ್ರಾಮ ಪಂಚಾಯಿತಿ ಸದಸ್ಯರನ್ನು ಕೇಳಿದರೂ ಹೇಳುತ್ತಾರೆ.

ಇಡಿಗಂಟೋ, ತಿಂಗಳ ಕಂತೋ

2018ರ ಹೊತ್ತಿಗೆ ಕೆನ್ಯಾದಲ್ಲಿ ಇನ್ನೂ ದೊಡ್ಡ ಪ್ರಯೋಗ ಶುರುವಾಯಿತು. ಈ ಸಲ ಇಡೀ ಹಳ್ಳಿಗೆ, ಎಲ್ಲ ವಯಸ್ಕರಿಗೂ. ಒಂದು ಗುಂಪಿನ ಹಳ್ಳಿಗಳಿಗೆ ದಿನಕ್ಕೆ ಮುಕ್ಕಾಲು ಡಾಲರ್ ಲೆಕ್ಕದಲ್ಲಿ ತಿಂಗಳು ತಿಂಗಳು, 12 ವರ್ಷ ಕೊಡುವ ಭರವಸೆ. ಇನ್ನೊಂದು ಗುಂಪಿಗೆ ಅದೇ ಮೊತ್ತ, ಎರಡೇ ವರ್ಷ. ಮೂರನೆಯದಕ್ಕೆ ಆ ಎರಡು ವರ್ಷದ ಮೊತ್ತವಷ್ಟನ್ನೂ, ಅಂದರೆ ಸುಮಾರು 500 ಡಾಲರನ್ನು, ಒಂದೇ ಬಾರಿಗೆ.

ಎರಡು ವರ್ಷದ ನಂತರ ಎರಡನೆಯ ಮತ್ತು ಮೂರನೆಯ ಗುಂಪಿನವರ ಕೈಸೇರಿದ್ದು ಒಂದೇ ಮೊತ್ತ. ಆದರೂ ಫಲ ಒಂದೇ ಆಗಿರಲಿಲ್ಲ. ಇಡಿಗಂಟು ಪಡೆದವರು ಹೊಸ ಅಂಗಡಿ, ಸಣ್ಣ ವ್ಯಾಪಾರ ತೆರೆದಿದ್ದರು, ಆದಾಯ ಏರಿತ್ತು. ಎರಡು ವರ್ಷ ತಿಂಗಳ ಕಂತು ಪಡೆದವರು ಊಟ ಚೆನ್ನಾಗಿ ಮಾಡಿದ್ದರು, ಆದರೆ ವ್ಯಾಪಾರದಲ್ಲಿ ಅಷ್ಟು ಮುಂದೆ ಹೋಗಿರಲಿಲ್ಲ. ಎಲ್ಲಕ್ಕಿಂತ ಕುತೂಹಲ ಹುಟ್ಟಿಸುವವರು ಮೊದಲ ಗುಂಪಿನವರು. ಅವರಿಗೂ ಅಲ್ಲಿಯವರೆಗೆ ಬಂದದ್ದು ಅಷ್ಟೇ ಹಣ, ಅದೇ ತಿಂಗಳ ಕಂತು. ಆದರೆ ಮುಂದೆಯೂ ಹತ್ತು ವರ್ಷ ಬರುತ್ತದೆಂಬ ನಂಬಿಕೆ ಇದ್ದದ್ದರಿಂದ ಅವರು ತಮ್ಮತಮ್ಮಲ್ಲೇ ಚೀಟಿ ಕಟ್ಟಿಕೊಂಡರು. ತಿಂಗಳಿಗೆ ಒಬ್ಬೊಬ್ಬರಂತೆ ಗಂಟು ಎತ್ತಿಕೊಂಡರು, ಅದರಿಂದ ವ್ಯಾಪಾರ ಮಾಡಿದರು. ಅಂದರೆ ಕಂತನ್ನು ಇಡಿಗಂಟಾಗಿ ಮಾಡಿಕೊಳ್ಳುವ ದಾರಿಯನ್ನು ಅವರೇ ಕಂಡುಕೊಂಡರು. ಅಲ್ಲಿ ಇಂಥ ಕೂಟಕ್ಕೆ ಚಾಮಾ ಅನ್ನುತ್ತಾರೆ. ನಮ್ಮ ಓಣಿಯ ಹೆಂಗಸರು ಹಾಕುವ ಚೀಟಿಯೂ ಅದೂ ಒಂದೇ.

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇರುವುದು ಈ ಮೊದಲ ಗುಂಪಿನಲ್ಲಿ. ಬಂದೇ ಬರುತ್ತದೆ ಎಂಬ ನಂಬಿಕೆಗೆ ತನ್ನದೇ ಬೆಲೆಯಿದೆ. ಮುಂದಿನ ತಿಂಗಳ ಹಣ ಖಾತ್ರಿ ಇದ್ದರೆ ಈ ತಿಂಗಳ ಹಣವನ್ನು ಚೀಟಿಗೆ ಕಟ್ಟುವ ಧೈರ್ಯ ಬರುತ್ತದೆ. ಇಲ್ಲದಿದ್ದರೆ ಬಂದದ್ದನ್ನು ಬಂದ ದಿನವೇ ಕಾಳುಕಡಿಗೆ ಸುರಿಯುವುದೇ ಬುದ್ಧಿವಂತಿಕೆ.

ಯಜಮಾನಿಯ ಖಾತೆ

ಕರ್ನಾಟಕದಲ್ಲಿ ಈಗ ನೇರ ಹಣದ ಅತಿ ದೊಡ್ಡ ಯೋಜನೆ ಗೃಹಲಕ್ಷ್ಮಿ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಸಿಕ್ಕಿತು. ರೇಷನ್ ಕಾರ್ಡಿನಲ್ಲಿ ಕುಟುಂಬದ ಯಜಮಾನಿ ಎಂದು ಹೆಸರಿರುವ ಮಹಿಳೆಗೆ ತಿಂಗಳಿಗೆ 2,000 ರೂಪಾಯಿ. ತಾನಾಗಲಿ ಗಂಡನಾಗಲಿ ಆದಾಯ ತೆರಿಗೆ ಅಥವಾ ಜಿಎಸ್‌ಟಿ ಕಟ್ಟುವವರಾದರೆ ಸಿಗುವುದಿಲ್ಲ. 1.2 ಕೋಟಿಗೂ ಹೆಚ್ಚು ಮಹಿಳೆಯರು ಇದರ ವ್ಯಾಪ್ತಿಯಲ್ಲಿದ್ದಾರೆ. ಯಜಮಾನಿ ಯಾರೆಂಬ ಪ್ರಶ್ನೆಗೆ 2013ರ ಆಹಾರ ಭದ್ರತಾ ಕಾಯ್ದೆಯಲ್ಲೇ ಉತ್ತರವಿದೆ: ರೇಷನ್ ಕಾರ್ಡಿನ ಮಟ್ಟಿಗೆ ಮನೆಯ ಹಿರಿಯ ಹೆಣ್ಣುಮಗಳೇ ಮುಖ್ಯಸ್ಥೆ. ಹಾಗಾಗಿ ಹೆಚ್ಚಿನ ಕೂಡು ಕುಟುಂಬಗಳಲ್ಲಿ ಹಣ ಅತ್ತೆಯ ಖಾತೆಗೆ ಹೋಯಿತು. ಅತ್ತೆಗೋ ಸೊಸೆಗೋ ಎಂಬ ಜಗಳ ಮನೆ ಮನೆಯಲ್ಲಿ ನಡೆದದ್ದು, ಕಾರ್ಡು ಬೇರೆ ಮಾಡಿಸಲು ಜನ ಮುಗಿಬಿದ್ದದ್ದು ನಮಗೆಲ್ಲ ಗೊತ್ತಿರುವುದೇ.

ಹೆಣ್ಣಿನ ಕೈಗೆ ಕೊಟ್ಟರೆ ಹಣ ಮಕ್ಕಳಿಗೆ ತಲುಪುತ್ತದೆ ಎಂಬುದನ್ನು ನಾವು ಪ್ರಶ್ನೆಯೇ ಇಲ್ಲದ ಸತ್ಯ ಎಂಬಂತೆ ಹೇಳುತ್ತೇವೆ. ರರಿಯೇಡಾದ ಅಧ್ಯಯನ ಇಷ್ಟು ಸಲೀಸಾಗಿ ಅದನ್ನು ಒಪ್ಪುವುದಿಲ್ಲ. ಗಂಡನಿಗೆ ಕೊಟ್ಟ ಮನೆಗೂ ಹೆಂಡತಿಗೆ ಕೊಟ್ಟ ಮನೆಗೂ ಖರ್ಚಿನ ರೀತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಅಲ್ಲಿ ಕಾಣಲಿಲ್ಲ. ಹಾಗಾದರೆ ಯಜಮಾನಿಯ ಖಾತೆಗೆ ಹಾಕುವುದು ವ್ಯರ್ಥವೇ? ಇಲ್ಲ. ಉತ್ತರ ಖರ್ಚಿನ ಪಟ್ಟಿಯಲ್ಲಿ ಸಿಗುವುದಿಲ್ಲ, ಅಧಿಕಾರದಲ್ಲಿ ಸಿಗುತ್ತದೆ. ರೋಹಿಣಿ ಪಾಂಡೆ, ಎರಿಕಾ ಫೀಲ್ಡ್ ಮತ್ತು ಜೊತೆಗಾರರು ಉತ್ತರ ಮಧ್ಯಪ್ರದೇಶದಲ್ಲಿ ಮಾಡಿದ, 2021ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಅಲ್ಲಿ ಮಹಿಳೆಯರಿಗೆ ಹೊಸದಾಗಿ ಹಣ ಕೊಡಲಿಲ್ಲ. ಅವರೇ ಉದ್ಯೋಗ ಖಾತ್ರಿಯಲ್ಲಿ ದುಡಿದ ಕೂಲಿ ಗಂಡನ ಖಾತೆಗೆ ಬೀಳುವ ಬದಲು ಅವರ ಸ್ವಂತ ಖಾತೆಗೆ ಬೀಳುವಂತೆ ಮಾಡಿ, ಖಾತೆ ಬಳಸುವುದನ್ನು ಕಲಿಸಿದರು. ಅಷ್ಟರಿಂದಲೇ ಆ ಮಹಿಳೆಯರು ಮೊದಲಿಗಿಂತ ಹೆಚ್ಚಾಗಿ ಮನೆಯಿಂದ ಹೊರಗೆ ಕೆಲಸಕ್ಕೆ ಹೋಗತೊಡಗಿದರು. ಹೆಂಗಸು ದುಡಿಯಲು ಹೋಗಬಾರದೆಂಬ ಕಟ್ಟು ಬಿಗಿಯಾಗಿದ್ದ ಮನೆಗಳಲ್ಲೇ ಬದಲಾವಣೆ ಹೆಚ್ಚು.

ಗೃಹಲಕ್ಷ್ಮಿಯ ದುಡ್ಡಿನಿಂದ ಹೊಲಿಗೆ ಯಂತ್ರ ಕೊಂಡವರ, ಫ್ರಿಜ್ ತಂದವರ, ಬೋರ್‌ವೆಲ್ ಕೊರೆಸಿದ ಅತ್ತೆ ಸೊಸೆಯರ ಸುದ್ದಿ ಪತ್ರಿಕೆಗಳಲ್ಲಿ ಬಂದಿವೆ. ಅವುಗಳಲ್ಲಿ ನಾನು ಗಮನಿಸಿದ್ದು ಒಂದೇ. ಇವೆಲ್ಲ ಎಷ್ಟೋ ತಿಂಗಳ ಕಂತು ಕೂಡಿಟ್ಟು ಮಾಡಿದ ಕೆಲಸಗಳು. ಒಂದು ತಿಂಗಳ 2,000ದಲ್ಲಿ ಹೊಲಿಗೆ ಯಂತ್ರ ಬರುವುದಿಲ್ಲ. ಕೂಡಿಡಲು ಸ್ವಂತ ಖಾತೆ ಬೇಕು, ಅದನ್ನು ಬೇರೆಯವರು ಮುಟ್ಟಬಾರದು, ಮುಂದಿನ ಕಂತು ಬರುತ್ತದೆಂಬ ಭರವಸೆ ಇರಬೇಕು.

ಆ ಭರವಸೆಗೇ ಇಲ್ಲಿ ಪೆಟ್ಟು ಬಿದ್ದಿದೆ. ಎರಡು ಮೂರು ತಿಂಗಳು ಕಂತು ಬರದೇ ಇರುವುದು, ಆಮೇಲೆ ಒಟ್ಟಿಗೆ ಬರುವುದು, ಯಾವ ತಿಂಗಳಿನದು ಬಂತೆಂದೇ ತಿಳಿಯದಿರುವುದು ಹಳ್ಳಿಯ ಹೆಣ್ಣುಮಕ್ಕಳ ದಿನನಿತ್ಯದ ಮಾತಾಗಿದೆ. "ಒಟ್ಟಿಗೆ ಬಂದರೆ ಇಡಿಗಂಟು ಸಿಕ್ಕ ಹಾಗೇ ಅಲ್ಲವೇ" ಎಂದು ಕೇಳುವವರಿದ್ದಾರೆ. ಅಲ್ಲ. ಇಡಿಗಂಟು ಯಾವಾಗ ಬರುತ್ತದೆಂದು ಮೊದಲೇ ಗೊತ್ತಿರುತ್ತದೆ, ಅದಕ್ಕೆ ತಕ್ಕಂತೆ ಯೋಜನೆ ಹಾಕಬಹುದು. ತಡವಾದ ಕಂತಿಗೆ ಕಾಯುತ್ತ ಇರುವಾಗ ಮೈಕ್ರೋಫೈನಾನ್ಸಿನ ವಾರದ ಕಂತು ಕಾಯುವುದಿಲ್ಲ. ವಸೂಲಿಗೆ ಬರುವವರ ಕಾಟ ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು ಅಂದರೆ ಹಳ್ಳಿಗಳ ಸಾಲದ ಒತ್ತಡ ಎಷ್ಟಿತ್ತೆಂದು ತಿಳಿಯಬಹುದು. ಕಂತು ತಪ್ಪಿದ ತಿಂಗಳು ಒಂದು ಸಂಘದ ಸಾಲ ತೀರಿಸಲು ಇನ್ನೊಂದು ಸಂಘದಲ್ಲಿ ಎತ್ತುತ್ತಾರೆ. ಆಮೇಲೆ ಬಂದ 6,000 ಆ ಬಡ್ಡಿಯ ಬಾಯಿಗೆ.

ಅಕ್ಕಿಯ ಬದಲು ಹಣ

ನೇರ ಹಣ ಒಳ್ಳೆಯದಾದರೆ ಪಡಿತರವನ್ನೂ ನಿಲ್ಲಿಸಿ ಹಣವನ್ನೇ ಕೊಡಬಹುದಲ್ಲ ಎಂಬ ವಾದವಿದೆ. ಎರಡು ಅನುಭವಗಳನ್ನು ನೋಡಿದರೆ ನನಗೆ ಅದು ಒಪ್ಪಿಗೆಯಾಗುವುದಿಲ್ಲ.

ಜಾರ್ಖಂಡದ ರಾಂಚಿ ಬಳಿಯ ನಗಡಿ ಬ್ಲಾಕಿನಲ್ಲಿ 2017ರ ಅಕ್ಟೋಬರಿನಿಂದ ಒಂದು ಪ್ರಯೋಗ ನಡೆಯಿತು. ಅಲ್ಲಿವರೆಗೆ ಕಿಲೋಗೆ ಒಂದು ರೂಪಾಯಿಗೆ ಸಿಗುತ್ತಿದ್ದ ಅಕ್ಕಿಯನ್ನು ಸುಮಾರು 32 ರೂಪಾಯಿ ಕೊಟ್ಟು ಅದೇ ನ್ಯಾಯಬೆಲೆ ಅಂಗಡಿಯಲ್ಲಿ ಕೊಳ್ಳಬೇಕು. ವ್ಯತ್ಯಾಸದ ಹಣವನ್ನು ಸರ್ಕಾರ ಮೊದಲೇ ಖಾತೆಗೆ ಹಾಕುತ್ತದೆ. ಕಾಗದದ ಮೇಲೆ ಯಾರಿಗೂ ನಷ್ಟವಿಲ್ಲ. ನಡೆದದ್ದೇನೆಂದರೆ, ಹಣ ಬಂತೋ ಇಲ್ಲವೋ ನೋಡಲು ಬ್ಯಾಂಕಿಗೆ ಒಂದು ದಿನ, ತೆಗೆಯಲು ಇನ್ನೊಂದು ದಿನ, ಅಂಗಡಿಯ ಮುಂದೆ ಸಾಲಿಗೆ ಮತ್ತೊಂದು ದಿನ. ಮನೆಯಲ್ಲಿ ಎರಡು ಮೂರು ಖಾತೆಗಳಿದ್ದರೆ ಯಾವುದಕ್ಕೆ ಬಿತ್ತೆಂದು ತಿಳಿಯದು. ಕೂಲಿ ಬಿಟ್ಟು ಓಡಾಡಿದ ದಿನಗಳ ಲೆಕ್ಕ ಹಿಡಿದರೆ ಅಕ್ಕಿ ತುಟ್ಟಿಯಾಯಿತು. ಜನ ಬೀದಿಗಿಳಿದರು, 2018ರ ಆಗಸ್ಟ್‌ನಲ್ಲಿ ಪ್ರಯೋಗ ನಿಂತಿತು.

ಕರ್ನಾಟಕದ್ದು ಬೇರೆ ಸಂದರ್ಭ. ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋಗೆ ಅಕ್ಕಿ ಹೊಂದಿಸಲು ಆಗದೆ 2023ರ ಜುಲೈಯಿಂದ ಕಿಲೋಗೆ 34 ರೂಪಾಯಿಯಂತೆ ಒಬ್ಬರಿಗೆ 170 ರೂಪಾಯಿ ಕೊಟ್ಟರು. 2025ರ ಫೆಬ್ರವರಿಯಿಂದ ಮತ್ತೆ ಅಕ್ಕಿ. ಇಲ್ಲಿ ಸಮಸ್ಯೆ ಇದ್ದದ್ದು ಬೆಲೆಯಲ್ಲಿ. ಅಕ್ಕಿಯ ದರ ಏರಿದರೂ 170 ರೂಪಾಯಿ 170ಆಗಿಯೇ ಉಳಿಯುತ್ತದೆ. ಐದು ಕಿಲೋ ಅಕ್ಕಿ ಎಂದಿಗೂ ಐದು ಕಿಲೋ ಅಕ್ಕಿಯೇ. ನೇರ ಹಣದ ಎಲ್ಲ ಯೋಜನೆಗಳಿಗೂ ಈ ಕಾಯಿಲೆ ಇದೆ. ಪಿಎಂ-ಕಿಸಾನ್ 2019ರಲ್ಲಿ ವರ್ಷಕ್ಕೆ 6,000 ರೂಪಾಯಿಯೊಂದಿಗೆ ಶುರುವಾಯಿತು, ಆರು ವರ್ಷ ಕಳೆದಾಗಲೂ ಅದೇ 6,000. ಅಷ್ಟರಲ್ಲಿ ಗೊಬ್ಬರ, ಡೀಸೆಲ್, ಕೂಲಿ ಎಲ್ಲಿಗೆ ಹೋದವೆಂದು ರೈತರಿಗೆ ಹೇಳಿಕೊಡಬೇಕಾಗಿಲ್ಲ. ಜೊತೆಗೆ ಅದು ಪಹಣಿಯಲ್ಲಿ ಹೆಸರಿದ್ದವರಿಗೆ ಮಾತ್ರ. ಲಾವಣಿಗೆ ಹೊಲ ಮಾಡುವವರಿಗೆ, ಭೂಮಿಯೇ ಇಲ್ಲದ ಕೂಲಿಯವರಿಗೆ ಇಲ್ಲ. ತೆಲಂಗಾಣದ ರೈತ ಬಂಧು 2018ರಲ್ಲಿ ಎಕರೆ ಲೆಕ್ಕದಲ್ಲಿ ಹಣ ಕೊಡತೊಡಗಿದಾಗ ಹೆಚ್ಚು ಹೊಲ ಇದ್ದವರಿಗೆ ಹೆಚ್ಚು ಸಿಕ್ಕಿತು. ಗ್ರಾಮೀಣ ಬಡತನದ ತಳದಲ್ಲಿರುವವರು ಇಂಥ ಯೋಜನೆಗಳ ಲೆಕ್ಕಕ್ಕೇ ಬರುವುದಿಲ್ಲ.

ಹಣ ಊರಲ್ಲಿ ಸುತ್ತುವ ಬಗೆ

ಊರಿಗೆ ದುಡ್ಡು ಸುರಿದರೆ ಬೆಲೆ ಏರುತ್ತದೆ ಎಂಬ ಭಯಕ್ಕೂ ಸಿಯಾಯದಲ್ಲಿ ಉತ್ತರ ಹುಡುಕಿದ್ದಾರೆ. 653 ಹಳ್ಳಿಗಳ 10,500ಕ್ಕೂ ಹೆಚ್ಚು ಬಡ ಮನೆಗಳಿಗೆ ತಲಾ ಸುಮಾರು 1,000 ಡಾಲರ್ ಕೊಟ್ಟು, ಹಣ ಪಡೆಯದವರ ಮನೆಗಳನ್ನೂ, ಅಂಗಡಿಗಳನ್ನೂ, ಸಂತೆಯ ಬೆಲೆಗಳನ್ನೂ ಅಳೆದರು. ಬೆಲೆ ಏರಿದ್ದು ಸರಾಸರಿ ಶೇ 0.1ರಷ್ಟು ಮಾತ್ರ. ಊರಿಗೆ ಬಂದ ಒಂದು ಡಾಲರ್ ಅಲ್ಲಿನ ವ್ಯವಹಾರವನ್ನು ಸುಮಾರು ಎರಡೂವರೆ ಡಾಲರಿನಷ್ಟು ಹೆಚ್ಚಿಸಿತ್ತು. ತಗಡು ಹಾಕುವ ಬಡಗಿಗೆ ಕೆಲಸ, ಬಡಗಿಯಿಂದ ಕಿರಾಣಿ ಅಂಗಡಿಗೆ ವ್ಯಾಪಾರ, ಅಂಗಡಿಯವರಿಂದ ಹಿಟ್ಟಿನ ಗಿರಣಿಗೆ. ಹಣ ಸಿಗದ ಮನೆಗಳ ಬಳಕೆಯೂ ಏರಿತ್ತು.

ಎಲ್ಲ ಕಡೆ ಹೀಗೇ ಆಗುತ್ತದೆಂದು ಹೇಳಲಾಗದು. ಫಿಲಿಪ್ಪೀನ್ಸಿನ ಪಂತಾವಿದ್ ಯೋಜನೆಯಲ್ಲಿ, ಪೇಟೆಯಿಂದ ದೂರವಿದ್ದ ಹಳ್ಳಿಗಳಲ್ಲಿ ಹಣ ಬಂದ ಮೇಲೆ ಮೊಟ್ಟೆಯಂಥ ಬೇಗ ಕೆಡುವ ಆಹಾರದ ಬೆಲೆ ಏರಿತು. ಹಣ ಸಿಗದ ಮನೆಗಳ ಮಕ್ಕಳ ಬೆಳವಣಿಗೆ ಕುಂಠಿತವಾಯಿತು. ಹೊರಗಿನಿಂದ ಸರಕು ಸುಲಭವಾಗಿ ಬರುವ ಊರಿನಲ್ಲಿ ಹಣ ಒಂದು ಕೆಲಸ ಮಾಡಿದರೆ, ರಸ್ತೆಯೇ ಇಲ್ಲದ ಊರಿನಲ್ಲಿ ಬೇರೆಯದೇ ಮಾಡುತ್ತದೆ.

ರಸ್ತೆಯ ಹಾಗೆಯೇ ಬ್ಯಾಂಕಿನ ದಾರಿಯೂ. ನಮ್ಮಲ್ಲಿ 2013ರ ಜನವರಿಯಲ್ಲಿ ನೇರ ವರ್ಗಾವಣೆ ಶುರುವಾದಾಗಿನಿಂದ, 2014ರ ಜನಧನ ಖಾತೆಗಳ ನಂತರ ಇನ್ನೂ ಹೆಚ್ಚಾಗಿ, ಮಧ್ಯವರ್ತಿಗಳ ಕೈ ಕಡಿಮೆಯಾಗಿದೆ. ಇದು ದೊಡ್ಡ ಗೆಲುವೇ. ಆದರೆ ಆಧಾರ್ ಮೂಲಕ ಬರುವ ಹಣ ಪಾಸ್‌ಬುಕ್ಕಿನಲ್ಲಿರುವ ಖಾತೆಗೇ ಬರಬೇಕೆಂದಿಲ್ಲ. ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ ಬೀಳುತ್ತದೆ. ಸಿಮ್ ಕೊಳ್ಳುವಾಗ ಬೆರಳಚ್ಚು ಕೊಟ್ಟು ತನಗೇ ಗೊತ್ತಿಲ್ಲದ ಖಾತೆ ತೆರೆದುಕೊಂಡು, ಗ್ಯಾಸ್ ಸಬ್ಸಿಡಿ ಅಲ್ಲಿಗೆ ಹೋದ ಪ್ರಕರಣಗಳು 2017ರಲ್ಲಿ ದೇಶದಾದ್ಯಂತ ಬಯಲಾಗಿದ್ದವು. ಕಳೆ ತೆಗೆದು, ಪಾತ್ರೆ ಉಜ್ಜಿ ಸವೆದ ಬೆರಳು ಯಂತ್ರಕ್ಕೆ ಹಿಡಿಯುವುದಿಲ್ಲ. ಪಿಂಚಣಿ ಹಣವನ್ನು ಹಳೇ ಬೆಳೆಸಾಲಕ್ಕೆ ಜಮಾ ಮಾಡಿಕೊಂಡರೆಂಬ ದೂರು ಅಲ್ಲಲ್ಲಿ ಬರುತ್ತಲೇ ಇರುತ್ತದೆ. ಗ್ರಾಮ ಒನ್ ಕೇಂದ್ರದಲ್ಲಿ "ಇ-ಕೆವೈಸಿ ಆಗಿಲ್ಲ, ನಾಳೆ ಬಾ" ಅನ್ನಿಸಿಕೊಂಡ ವಯಸ್ಸಾದ ಹೆಂಗಸಿಗೆ ನಾಳೆ ಅಂದರೆ ಇನ್ನೊಂದು ದಿನದ ಕೂಲಿ.

ಹೆರಿಗೆಯ ಹೊತ್ತಿನ ಹಣ

2025ರಲ್ಲಿ ಸಿಯಾಯದಿಂದಲೇ ಬಂದ ಇನ್ನೊಂದು ಅಧ್ಯಯನ, ನಾನು ಈ ವಿಷಯದಲ್ಲಿ ಓದಿದವುಗಳಲ್ಲೆಲ್ಲ ಮನಸ್ಸಿಗೆ ಹೆಚ್ಚು ನಾಟಿದ್ದು. 1,000 ಡಾಲರ್ ಪಡೆದ ಮನೆಗಳಲ್ಲಿ ವರ್ಷ ತುಂಬುವ ಮೊದಲೇ ಸಾಯುವ ಶಿಶುಗಳ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿದಿತ್ತು. ಐದು ವರ್ಷದೊಳಗಿನ ಮಕ್ಕಳ ಸಾವೂ ಹೆಚ್ಚುಕಡಿಮೆ ಅಷ್ಟೇ ಕಡಿಮೆ. ಇಂಥ ಫಲ ಲಸಿಕೆಗಳಿಂದ, ಸೊಳ್ಳೆ ಪರದೆಗಳಿಂದ ಬರುವುದನ್ನು ಕೇಳಿದ್ದೆವು. ಬರೀ ಹಣ ಹೇಗೆ ಮಗುವನ್ನು ಉಳಿಸಿತು?

ಮೂರು ದಾರಿಯಲ್ಲಿ. ಹಣ ಬಂದ ಮನೆಯ ಗರ್ಭಿಣಿಯರು ಕೊನೆಯ ತಿಂಗಳುಗಳಲ್ಲಿ, ಹೆರಿಗೆಯಾದ ಮೊದಲ ತಿಂಗಳುಗಳಲ್ಲಿ ದುಡಿಮೆಯನ್ನು ಅರ್ಧದಷ್ಟು ಇಳಿಸಿದ್ದರು. ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿಕೊಳ್ಳುವುದು ಗಣನೀಯವಾಗಿ ಹೆಚ್ಚಿತ್ತು. ಮನೆಯಲ್ಲಿ ಊಟ ಸುಧಾರಿಸಿತ್ತು. ಜನರು ದುಡಿಯುವುದನ್ನು ನಿಲ್ಲಿಸುತ್ತಾರೆಂದು ಹೆದರುವವರು ಇದನ್ನು ಓದಬೇಕು. ಇಲ್ಲಿ ದುಡಿಮೆ ತಗ್ಗಿದ್ದೂ ಮಗುವಿನ ಜೀವ ಉಳಿಸಿತು. ಆದರೆ ಫಲ ಕಂಡದ್ದು ಹಣ ಬಂದ ಹೊತ್ತಿಗೆ ಹುಟ್ಟಿದ ಮಕ್ಕಳಲ್ಲಿ. ಹಣ ಮುಗಿದು ಕಾಲ ಕಳೆದ ಮೇಲೆ ಹುಟ್ಟಿದವರಲ್ಲಿ ಅದು ಉಳಿಯಲಿಲ್ಲ. ವೈದ್ಯರಿರುವ ಆಸ್ಪತ್ರೆ ಹತ್ತಿರವಿದ್ದ ಮನೆಗಳಲ್ಲಿ ಫಲ ದೊಡ್ಡದು, ದೂರವಿದ್ದಲ್ಲಿ ಸಣ್ಣದು. ಆಸ್ಪತ್ರೆಯೇ ಇಲ್ಲದ ಕಡೆ ಆಸ್ಪತ್ರೆಯ ಖರ್ಚಿಗೆ ಹಣವಿದ್ದು ಏನು ಮಾಡುವುದು?

ನಮ್ಮ 2013ರ ಆಹಾರ ಭದ್ರತಾ ಕಾಯ್ದೆ ಗರ್ಭಿಣಿ ಮತ್ತು ಬಾಣಂತಿಗೆ ಕನಿಷ್ಠ 6,000 ರೂಪಾಯಿ ಹೆರಿಗೆ ನೆರವು ಕೊಡಬೇಕೆಂದು ಹೇಳುತ್ತದೆ. 2017ರಲ್ಲಿ ಬಂದ ಪ್ರಧಾನಮಂತ್ರಿ ಮಾತೃವಂದನಾ ಯೋಜನೆ ಅದನ್ನು ಮೊದಲ ಮಗುವಿಗೆ 5,000ಕ್ಕೆ ಇಳಿಸಿತು, ಅದನ್ನೂ ಕಂತುಗಳಲ್ಲಿ ಕೊಡುತ್ತದೆ, ಕೊನೆಯ ಕಂತು ಹೆರಿಗೆಯಾದ ಮೇಲೆ. ಪಕ್ಕದ ತಮಿಳುನಾಡು ತನ್ನದೇ ಯೋಜನೆಯಲ್ಲಿ ಪೌಷ್ಟಿಕ ಆಹಾರದ ಕಿಟ್ ಸೇರಿ 18,000 ರೂಪಾಯಿ ಕೊಡುತ್ತದೆ. ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 2025–26ಕ್ಕೆ 370 ರೂಪಾಯಿ ಎಂದು ನಿಗದಿಯಾಗಿತ್ತು. ಆ ಲೆಕ್ಕದಲ್ಲಿ 5,000 ಅಂದರೆ ಹದಿಮೂರೂವರೆ ದಿನದ ಕೂಲಿ. ಯಲಬುರ್ಗಾದ ಒಬ್ಬ ಕೂಲಿ ಹೆಣ್ಣುಮಗಳು ಏಳು ತಿಂಗಳು ತುಂಬಿದ ದಿನದಿಂದ ಹೆರಿಗೆಯವರೆಗೆ ಕಳೆ ಕೀಳಲು ಹೋಗದೆ ಮನೆಯಲ್ಲಿರಬೇಕಾದರೆ ಎರಡು ತಿಂಗಳಿಗೂ ಮೇಲಿನ ಕೂಲಿ ಅವಳ ಕೈಯಲ್ಲಿರಬೇಕು, ಏಳು ತುಂಬುವ ಮೊದಲೇ ಇರಬೇಕು.